ಬತ್ತೋಯ್ತು, ಕಡ್ದಾಕಿದ್ರು, ನೋಡ್ಕೊಂಡ್ರು

ವ್ಯಾಖ್ಯಾನ ಬರೆಯುವವನಿಗೆ ಮೊದಲು ಒಂದು ಮೂಲ ಬೇಕು. ಕೆಳಗಿನ ಏಳು ಸಾಲು ನಾನೇ ಕಟ್ಟಿದ್ದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ತನ್ನ ಮನೆ-ತೋಟದ ವಿಷಯ ಇಂಗ್ಲಿಷಿನಲ್ಲಿ ಬರೆದರೆ ಹೇಗಿರಬಹುದು ಎಂದು ಊಹಿಸಿಕೊಂಡು ಬರೆದೆ. ಪದಗಳೆಲ್ಲ ಮೂರನೇ ಕ್ಲಾಸಿನವೇ: ಗೋ, ಪುಟ್, ಕಟ್, ಲುಕ್, ಗೆಟ್. ಹಿಂದೆ ಅಪ್, ಡೌನ್, ಆಫ್, ಆಫ್ಟರ್ ಬಂದು ಅಂಟಿಕೊಂಡಾಗ ಮಾತ್ರ ಓದಿದವರೂ ತಡವರಿಸುತ್ತಾರೆ.

ಸಾಲು 1. ಅವರ್ ಬೋರ್‌ವೆಲ್ ಡ್ರೈಡ್ ಅಪ್.

ಡ್ರೈ ಎಂದರೆ ಒಣಗು, ಅಪ್ ಎಂದರೆ ಮೇಲೆ. ಎರಡನ್ನೂ ಕೂಡಿಸಿದರೆ ‘ಮೇಲಕ್ಕೆ ಒಣಗಿತು’ ಎಂದಾಗುತ್ತದೆ. ಅದಕ್ಕೆ ತಲೆಯೂ ಇಲ್ಲ, ಬುಡವೂ ಇಲ್ಲ. ಅಪ್ ಅನ್ನುವುದಕ್ಕೆ ‘ಮೇಲೆ’ ಎಂದು ಬಾಯಿಪಾಠ ಮಾಡಿಸಿ ಕೈತೊಳೆದುಕೊಂಡ ಪಾಠ ಇಲ್ಲೇ ಕೈಕೊಡುತ್ತದೆ.

ನಮ್ಮ ಕಡೆ ಬೋರಿನಲ್ಲಿ ನೀರು ನಿಂತರೆ ‘ಬತ್ತಿತು’ ಅನ್ನುವವರು ಕಡಿಮೆ. ‘ಬತ್ತೋಯ್ತು’ ಅನ್ನುತ್ತಾರೆ. ಬತ್ತಿ, ಹೋಯ್ತು. ಎಲ್ಲಿಗೆ ಹೋಯ್ತು ಎಂದು ಯಾರೂ ಕೇಳುವುದಿಲ್ಲ. ‘ಹೋಗು’ ಇಲ್ಲಿ ನಡೆದು ಹೋಗುವ ಅರ್ಥ ಬಿಟ್ಟಿದೆ. ‘ಪೂರ್ತಿ ಆಯ್ತು, ಇನ್ನು ಇಲ್ಲ’ ಎಂಬುದಷ್ಟನ್ನೇ ಹೇಳುತ್ತದೆ. ಡ್ರೈಡ್ ಅಪ್‌ನಲ್ಲಿ ಅಪ್ ಮಾಡುವ ಕೆಲಸವೂ ಇದೇ. ಈಟ್ ಅಪ್ ಅಂದರೆ ತಿಂದುಬಿಡು, ಯೂಸ್ ಅಪ್ ಅಂದರೆ ಬಳಸಿ ಮುಗಿಸಿಬಿಡು, ಟೇರ್ ಅಪ್ ಅಂದರೆ ಹರಿದುಹಾಕು. ಈ ಜಾತಿಯ ಅಪ್‌ಗೆ ಕನ್ನಡದಲ್ಲಿ ಜೋಡಿ ಹುಡುಕುವವರು ‘ಮೇಲೆ’ಯ ಹತ್ತಿರ ಹೋಗಬಾರದು, ಹೋಗು, ಬಿಡು, ಹಾಕು ಎಂಬ ಬಾಲದ ಕ್ರಿಯಾಪದಗಳ ಹತ್ತಿರ ಹೋಗಬೇಕು. ಈ ವ್ಯಾಖ್ಯಾನದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಡ್ರೈ ಔಟ್ ಬೇರೆ. ಚೀಲ ಮಳೆಗೆ ಸಿಕ್ಕಿ ತೇವವಾದ ಕೊಬ್ಬರಿಯನ್ನು ಬಿಸಿಲಿಗೆ ಹರವಿದರೆ ಅದು ಡ್ರೈ ಔಟ್ ಆಗುತ್ತದೆ. ಒಳಗಿನ ಪಸೆ ಹೊರಗೆ ಹೋಗುತ್ತದೆ, ಕೊಬ್ಬರಿ ಉಳಿಯುತ್ತದೆ. ಕೆರೆ, ಬಾವಿ, ಬೋರು ಡ್ರೈ ಅಪ್ ಆದರೆ ಉಳಿಯುವುದು ಗುಂಡಿ ಮಾತ್ರ.

ಸಾಲು 2. ಅಪ್ಪ ಕಟ್ ಡೌನ್ ಟೆನ್ ಟ್ರೀಸ್. ಹಿ ಆಲ್ಸೋ ಕಟ್ ಡೌನ್ ಆನ್ ಬೀಡಿ.

ಮೊದಲನೆಯದು ‘ಕಡ್ದಾಕಿದ್ರು’. ಅಣಬೆ ರೋಗ ಹತ್ತಿದ ಮರ ಬುಡದಲ್ಲಿ ಕಂದು ರಸ ಸೋರಿಸುತ್ತದೆ, ಹೆಡೆ ಜೋತು ಬೀಳುತ್ತದೆ. ಪಕ್ಕದ ಮರಕ್ಕೆ ಹತ್ತದಿರಲಿ ಎಂದು ಕಡಿಯಲೇಬೇಕು. ಇಲ್ಲಿ ಡೌನ್ ಅನ್ನುವುದಕ್ಕೆ ನಿಜವಾಗಿಯೂ ಕೆಳಗೆ ಎಂಬ ಅರ್ಥವಿದೆ, ಮರ ನೆಲಕ್ಕೆ ಬರುತ್ತದೆ. ಎರಡನೆಯದರಲ್ಲಿ ನೆಲಕ್ಕೆ ಬಂದದ್ದು ಏನೂ ಇಲ್ಲ. ಬೀಡಿ ಕಡಿಮೆ ಮಾಡಿದರು, ಪೂರ್ತಿ ಬಿಡಲಿಲ್ಲ. ಬಿಟ್ಟಿದ್ದರೆ ಗೇವ್ ಅಪ್ ಎಂದು ಬರೆಯಬೇಕಿತ್ತು. ಅಪ್ಪಂದಿರ ವಿಷಯದಲ್ಲಿ ಈ ವ್ಯತ್ಯಾಸವನ್ನು ಅಮ್ಮಂದಿರು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಇಲ್ಲೊಂದು ಪರೀಕ್ಷೆ. ಮರಗಳನ್ನು ‘ಅವು’ ಮಾಡಿ ನೋಡಿ: ಕಟ್ ದೆಮ್ ಡೌನ್. ದೆಮ್ ನಡುವೆ ಬರಬೇಕು. ಕಟ್ ಡೌನ್ ದೆಮ್ ಎಂದರೆ ತಪ್ಪು. ಬೀಡಿಗೆ ಮಾತ್ರ ಕಟ್ ಡೌನ್ ಆನ್ ಇಟ್. ಆನ್ ಎಂಬ ಪ್ರಿಪೊಸಿಷನ್ ತನ್ನ ನಾಮಪದವನ್ನು ಹಿಂದೆಯೇ ಇಟ್ಟುಕೊಳ್ಳುತ್ತದೆ, ನಡುವೆ ಬರಗೊಡುವುದಿಲ್ಲ. ಕ್ರಿಯಾಪದಕ್ಕೆ ಅಂಟಿದ ಡೌನ್‌ಗೂ ನಾಮಪದವನ್ನು ಹಿಡಿದ ಆನ್‌ಗೂ ಇರುವ ವ್ಯತ್ಯಾಸ ಹೆಸರು ಗೊತ್ತಿಲ್ಲದೆಯೂ ಹೀಗೆ ತಿಳಿಯುತ್ತದೆ. ಕನ್ನಡದ ಕಡಿದುಹಾಕು ಇಷ್ಟು ಸಡಿಲ ಬಿಡುವುದಿಲ್ಲ. ‘ಕಡಿದೇ ಹಾಕಿದ’ ಎಂದು ಒಂದು ಏಕಾರವನ್ನೋ ‘ಕಡಿದೂ ಹಾಕಿದ’ ಎಂದು ಒಂದು ಊಕಾರವನ್ನೋ ನಡುವೆ ತೂರಿಸಬಹುದು, ಮರವನ್ನು ತೂರಿಸಲಾಗದು.

ಸಾಲು 3. ನೌ ಅಜ್ಜಿ ಲುಕ್ಸ್ ಆಫ್ಟರ್ ದಿ ತೋಟ.

ಏಳರಲ್ಲಿ ನನಗೆ ಬಹಳ ಇಷ್ಟವಾದ ಸಾಲು. ಲುಕ್ ಅಂದರೆ ನೋಡು. ಲುಕ್ ಆಫ್ಟರ್ ಅಂದರೆ ನೋಡಿಕೊಳ್ಳು. ಎರಡೂ ಭಾಷೆ ನೋಡುವುದರಿಂದಲೇ ಹೊರಟು ಕಾಪಾಡುವುದಕ್ಕೆ ಬಂದು ಮುಟ್ಟಿವೆ. ಇಂಗ್ಲಿಷು ಆಫ್ಟರ್ ಹಚ್ಚಿತು, ಕನ್ನಡ ‘ಕೊಳ್ಳು’ ಹಚ್ಚಿತು. ಅಜ್ಜಿ ತೋಟ ನೋಡುತ್ತಾಳೆ ಎಂದರೆ ಜಗುಲಿಯಲ್ಲಿ ಕೂತು ನೋಡಿದರೂ ಆಯಿತು. ನೋಡಿಕೊಳ್ಳುತ್ತಾಳೆ ಎಂದರೆ ನೀರು ಹಾಯಿಸಿದರಾ, ಕಾಯಿ ಕೆಡವಿದವರಿಗೆ ಕೂಲಿ ಕೊಟ್ಟರಾ, ಹೆಡೆಮಟ್ಟೆ ಎತ್ತಿಹಾಕಿದರಾ, ಗರಿಗೆ ಕಪ್ಪುತಲೆ ಹುಳ ಬಿತ್ತಾ, ಎಲ್ಲವೂ ಅವಳ ತಲೆಯ ಮೇಲೆ.

ಲುಕ್‌ನ ಉಳಿದ ಸಂಸಾರಕ್ಕೆ ಕನ್ನಡದಲ್ಲಿ ಇಂಥ ಅದೃಷ್ಟವಿಲ್ಲ. ಲುಕ್ ಫಾರ್ ಹುಡುಕು, ಲುಕ್ ಇನ್‌ಟು ವಿಚಾರಿಸು. ಬೇರೆ ಬೇರೆ ಪದವೇ ಬೇಕು. ಲುಕ್ ಡೌನ್ ಆನ್ ಮಾತ್ರ ‘ಕೀಳಾಗಿ ನೋಡು’, ಮತ್ತೆ ನೋಡುವುದಕ್ಕೇ ಬಂತು.

ಕನ್ನಡಕ್ಕೆ ಇನ್ನೊಂದು ದಾರಿಯೂ ಇದೆ, ಅದು ದೇಹದ ದಾರಿ. ಗಿವ್ ಅಪ್ ಕೈಬಿಡು, ಲೆಟ್ ಡೌನ್ ಕೈಕೊಡು, ಟೇಕ್ ಅಪ್ ಕೈಗೆತ್ತಿಕೊ. ಕೈ ಇಲ್ಲಿ ಬೆರಳಿರುವ ಕೈಯಲ್ಲ. ಕೈಬಿಡು, ಕಣ್ತೆರೆ, ಮೈಮರೆ ಇಂಥವನ್ನು ಹಳಗನ್ನಡದ ವ್ಯಾಕರಣಕಾರ ಕೇಶಿರಾಜನ ಕಾಲದಿಂದ ಕ್ರಿಯಾಸಮಾಸ ಎನ್ನುತ್ತ ಬಂದಿದ್ದೇವೆ. ‘ಕನ್ನಡ ಮಧ್ಯಮ ವ್ಯಾಕರಣ’ ಬರೆದು ತಲೆಮಾರುಗಳಿಗೆ ವ್ಯಾಕರಣ ಕಲಿಸಿದ ತೀ.ನಂ.ಶ್ರೀಕಂಠಯ್ಯನವರು (1906–1966) ಇದೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಅವರ ಹೆಸರಿನ ‘ತೀ’ ಆ ಊರೇ. ಸಮಾಸವನ್ನು ಕನ್ನಡ ಪಿರಿಯಡ್ಡಿನಲ್ಲಿ, ಗಿವ್ ಅಪ್ ಅನ್ನು ಇಂಗ್ಲಿಷ್ ಪಿರಿಯಡ್ಡಿನಲ್ಲಿ ಓದಿಸುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುವ ಪಿರಿಯಡ್ ವೇಳಾಪಟ್ಟಿಯಲ್ಲಿಲ್ಲ.

ಸಾಲು 4. ವಿ ಪುಟ್ ದಿ ಕಾಯಿ ಅವೇ ಅಂಡ್ ಪುಟ್ ಆಫ್ ದಿ ಸೇಲ್.

ಪುಟ್ ಅವೇ, ಎತ್ತಿಟ್ಟೆವು. ಎಲ್ಲಿ? ಅಟ್ಟದ ಮೇಲೆ. ಈ ಸೀಮೆಯ ಉಂಡೆ ಕೊಬ್ಬರಿ ಆಗುವುದು ಅಲ್ಲೇ. ಬಲಿತ ಕಾಯನ್ನು ಮಟ್ಟೆ ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗುತ್ತದೆ, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಉಂಡೆ ಲೊಡಲೊಡ ಅನ್ನುತ್ತದೆ. ಆಮೇಲೆ ಸುಲಿದು, ಉಂಡೆ ಒಡೆಯದ ಹಾಗೆ ಚಿಪ್ಪು ತಟ್ಟಿ ಬಿಡಿಸುತ್ತಾರೆ. ಪುಟ್ ಅವೇ ಎಂಬ ಎರಡೇ ಮಾತಿನಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಅಡಗಿದೆ.

ಪುಟ್ ಆಫ್ ಅನ್ನುವುದನ್ನು ಗಮನಿಸಿ. ಮಾರಾಟವನ್ನು ‘ಮುಂದಕ್ಕೆ ಹಾಕಿದೆವು’. ಪುಟ್ ಅಂದರೆ ಹಾಕು, ಅದು ಎರಡೂ ಭಾಷೆಯಲ್ಲಿ ಒಂದೇ. ಇಂಗ್ಲಿಷಿನವರು ಕೆಲಸವನ್ನು ತಮ್ಮಿಂದ ಆಚೆ ಸರಿಸಿದರು, ನಾವು ಮುಂದಕ್ಕೆ ಸರಿಸಿದೆವು. ಕೆಲಸ ಆಗದೆ ಉಳಿದದ್ದು ಎರಡು ಕಡೆಯೂ ಅಷ್ಟೇ ನಿಜ.

ಪುಟ್ ಆನ್ ಅನ್ನುವುದಕ್ಕೂ ನಮಗೆ ಹಾಕುವುದೇ: ಅಂಗಿ ಹಾಕು, ಚಪ್ಪಲಿ ಹಾಕು, ಲೈಟ್ ಹಾಕು, ಮೋಟಾರ್ ಹಾಕು.

ಸಾಲು 5. ದಿ ರೇಟ್ ವೆಂಟ್ ಡೌನ್. ದೆನ್ ಇಟ್ ವೆಂಟ್ ಅಪ್. ದೆನ್ ದಿ ಕರೆಂಟ್ ವೆಂಟ್ ಆಫ್.

ರೇಟಿನ ಕಥೆ ಎಲ್ಲರಿಗೂ ಗೊತ್ತು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ತಿಪಟೂರು ಎಪಿಎಂಸಿಯಲ್ಲಿ ಪೇಟೆ ಬೆಲೆ ಅದಕ್ಕಿಂತ ಸಾವಿರಾರು ರೂಪಾಯಿ ಕೆಳಗೆ ಬಿದ್ದಿತ್ತು. 2024ರಲ್ಲಿ ಬೆಂಬಲ ಬೆಲೆ 12,000 ಆಯಿತು, ಆ ಬೆಲೆಗೆ ಸರ್ಕಾರದ ಪರವಾಗಿ ನಾಫೆಡ್ ಮಾಡುವ ಖರೀದಿಗೆ ಹೆಸರು ಬರೆಸಲು ರೈತರು ಸಾಲು ನಿಂತರು. 2025ರಲ್ಲಿ ಪೇಟೆಯೇ 20,000 ದಾಟಿತು. ಬೆಂಬಲ ಬೆಲೆಯ ಮಾತು ಆಗ ಯಾರಿಗೂ ಬೇಕಿರಲಿಲ್ಲ. ಎತ್ತಿಟ್ಟವರು ಗೆದ್ದರು, ಸಾಲ ಇದ್ದವರು ಎತ್ತಿಡಲಾಗದೆ ಮೊದಲೇ ಮಾರಿದ್ದರು.

ಈಗ ವ್ಯಾಕರಣ. ವೆಂಟ್ ಡೌನ್ ಅನ್ನುವುದಕ್ಕೆ ‘ಇಳೀತು’, ವೆಂಟ್ ಅಪ್ ಅನ್ನುವುದಕ್ಕೆ ‘ಏರ್ತು’. ಕನ್ನಡದಲ್ಲಿ ದಿಕ್ಕು ಕ್ರಿಯಾಪದದ ಹೊಟ್ಟೆಯಲ್ಲೇ ಇದೆ. ಏರು, ಇಳಿ, ಹತ್ತು, ಹೊಗು, ದಾಟು, ಒಂದೊಂದಕ್ಕೂ ಅದರದೇ ದಾರಿ. ಇಂಗ್ಲಿಷಿನ ದಿನಬಳಕೆಯಲ್ಲಿ ಗೋ ಎಂಬ ಒಂದೇ ಪದ ಎಲ್ಲ ದಿಕ್ಕಿಗೂ ಓಡಾಡುತ್ತದೆ, ದಿಕ್ಕು ತೋರಿಸುವವನು ಹಿಂದೆ ಬರುತ್ತಾನೆ. ಅದಕ್ಕೇ ಅವರಿಗೆ ಅಪ್, ಡೌನ್, ಇನ್, ಔಟ್ ಇಷ್ಟು ಬೇಕಾಗುವುದು.

ಕರೆಂಟಿನ ವಿಷಯ ತಿರುಗಾಮುರುಗಾ. ನಮ್ಮ ಮಕ್ಕಳು ‘ಕರೆಂಟ್ ವೆಂಟ್’ ಎಂದು ನಿಲ್ಲಿಸುತ್ತಾರೆ, ಏಕೆಂದರೆ ಮನೆಯಲ್ಲಿ ‘ಕರೆಂಟ್ ಹೋಯ್ತು’ ಅಷ್ಟೇ ಸಾಕು. ಇಂಗ್ಲಿಷಿಗೆ ಸಾಲದು. ಆಫ್ ಅಥವಾ ಔಟ್ ಹಚ್ಚಲೇಬೇಕು.

ಸಾಲು 6. ವಿ ಗಾಟ್ ಆನ್ ದಿ ಬಸ್ ಅಂಡ್ ಗಾಟ್ ಆಫ್ ಅಟ್ ತಿಪಟೂರು.

ಗಾಟ್ ಡೌನ್ ಎಂದು ಬರೆಯುವ ಕೈ ನಮ್ಮದು. ಅದರ ಹಿಂದೆ ‘ಇಳಿ’ ಕೂತಿದೆ, ಬಸ್ಸಿನಿಂದ ಇಳಿದರೆ ಕೆಳಗೇ ತಾನೇ ಬರುವುದು. ನಮ್ಮವರ ನಡುವೆ ಅದು ನಡೆಯುತ್ತದೆ, ನಡೆಯಲಿ. ಹೊರಗಿನವರ ಇಂಗ್ಲಿಷಿನಲ್ಲಿ ಬಸ್ಸು ರೈಲಿಗೆ ಗೆಟ್ ಆನ್, ಗೆಟ್ ಆಫ್. ಒಳಗೆ ನಿಂತು ಓಡಾಡುವಂಥ ಗಾಡಿಗೆ ಆನ್. ತಲೆ ಬಗ್ಗಿಸಿ ಕೂರುವ ಆಟೋ, ಕಾರಿಗೆ ಗೆಟ್ ಇನ್, ಗೆಟ್ ಔಟ್. ಕೊಬ್ಬರಿ ಚೀಲ ಹೊರುವ ಪಿಕಪ್‌ಗೆ? ಡ್ರೈವರ್ ಪಕ್ಕ ಕೂತರೆ ಇನ್, ಹಿಂದೆ ಚೀಲದ ಮೇಲೆ ಕೂತರೆ ಆನ್. ಕನ್ನಡದಲ್ಲಿ ಎಲ್ಲಕ್ಕೂ ಹತ್ತು, ಇಳಿ. ಪಿಕಪ್ ಕೂಡ ಕ್ರಿಯಾಪದಕ್ಕೆ ಅಪ್ ಅಂಟಿಕೊಂಡು ಹುಟ್ಟಿದ ಹೆಸರೇ, ಗಾಡಿಯಾಗಿ ನಮ್ಮ ಹಟ್ಟಿ ಬಾಗಿಲಿಗೆ ಬಂದು ನಿಂತಿದೆ.

ಸಾಲು 7. ಅಪ್ಪ ವಾಸ್ ಆಂಗ್ರಿ ವಿತ್ ದೆಮ್, ಬಟ್ ಹಿ ಪುಟ್ ಅಪ್ ವಿತ್ ಇಟ್.

ಯಾರ ಮೇಲೆ ಕೋಪ? ಮಂಡಿಯವರ ಮೇಲೆ. ‘ಮೇಲೆ’ ಅಂದ ಕೂಡಲೇ ಆಂಗ್ರಿ ಆನ್ ಎಂದು ಬಾಯಿಗೆ ಬರುತ್ತದೆ. ಇಂಗ್ಲಿಷಿನ ಕೋಪ ವಿತ್ ಅಥವಾ ಅಟ್ ಬೇಡುತ್ತದೆ. ಯಾಕೆ ಎಂದು ಕೇಳುವ ಮುಂಚೆ ನಮ್ಮ ಮನೆಯ ಲೆಕ್ಕ ನೋಡೋಣ. ಹಾವಿಗೆ ಹೆದರುತ್ತೇವೆ, ಹಾವಿನಿಂದ ಹೆದರುವುದಿಲ್ಲ. ದೇವರನ್ನು ನಂಬುತ್ತೇವೆ, ದೇವರಲ್ಲಿ ನಂಬಿಕೆ ಇಡುತ್ತೇವೆ, ದೇವರ ಮೇಲೆ ಭಾರ ಹಾಕುತ್ತೇವೆ. ಬಸ್ಸಿಗೆ ಕಾಯುತ್ತೇವೆ, ತೋಟವನ್ನು ಕಾಯುತ್ತೇವೆ. ‘ಗೆ’ ಹೋಗಿ ‘ಅನ್ನು’ ಬಂದದ್ದಕ್ಕೆ ವೇಟ್ ಫಾರ್ ಇದ್ದದ್ದು ಗಾರ್ಡ್ ಆಯಿತು. ಯಾವ ಕ್ರಿಯೆಗೆ ಯಾವ ವಿಭಕ್ತಿ ಎಂದು ನಮಗೆ ಯಾರೂ ಕಾರಣ ಹೇಳಿಕೊಡಲಿಲ್ಲ. ಕೇಳಿ ಕೇಳಿ ಬಂತು. ಅಫ್ರೇಡ್ ಆಫ್, ಬಿಲೀವ್ ಇನ್, ಆಂಗ್ರಿ ವಿತ್, ಇವೂ ಹಾಗೇ ಜೋಡಿಯಾಗಿಯೇ ಕಿವಿಗೆ ಬೀಳಬೇಕು. ಪ್ರಿಪೊಸಿಷನ್‌ಗಳನ್ನು ಮಾತ್ರ ಬೇರೆ ಪಟ್ಟಿ ಮಾಡಿ ಬಿಟ್ಟ ಸ್ಥಳ ತುಂಬಿಸುವ ಪದ್ಧತಿಯಲ್ಲಿ ನನಗೆ ನಂಬಿಕೆಯಿಲ್ಲ.

ಪುಟ್ ಅಪ್ ವಿತ್ ಮೂರು ಮಾತಿನ ಗಂಟು. ಬಿಡಿಬಿಡಿಸಿ ಹಾಕು, ಮೇಲೆ, ಜೊತೆ ಎಂದರೆ ಏನೂ ಸಿಗುವುದಿಲ್ಲ. ಒಟ್ಟಿಗೆ ಹಿಡಿದರೆ ‘ಸಹಿಸ್ಕೊಂಡ್ರು’. ಅಜ್ಜಿಯ ಸಾಲಿನಲ್ಲಿದ್ದ ಕೊಳ್ಳು ಇಲ್ಲೂ ಬಂತು. ಸಹಿಸಿಕೊಂಡದ್ದು ಏನನ್ನು ಎಂದು ಹುಡುಗಿ ಇಟ್ ಎಂದಷ್ಟೇ ಬರೆದು ಬಿಟ್ಟಿದ್ದಾಳೆ. ವ್ಯಾಖ್ಯಾನಕಾರ ತುಂಬಬಹುದು: ಚೀಲದಲ್ಲಿ ನಾಲ್ಕು ಉಂಡೆ ಕೌಟು ಬಂತೆಂದು ಒಟ್ಟು ಬೆಲೆಯಲ್ಲಿ ಮುರ್ಕೊಂಡಿರಬೇಕು. ಮುರ್ಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ನಾಕ್ ಆಫ್.