ಟಿಕೆಟ್ಟಿನ ಗಂಟೆ, ಪರದೆಯ ಗಂಟೆ

ಚಲನಚಿತ್ರ ವಿಮರ್ಶೆ ಬರೆಯುವವರು ಸಾಮಾನ್ಯವಾಗಿ ಚಿತ್ರ ಸುರುವಾದಲ್ಲಿಂದ ಬರೆಯುತ್ತಾರೆ. ಅದಕ್ಕೂ ಮೊದಲು ಅದೇ ಪರದೆಯ ಮೇಲೆ, ಅದೇ ಟಿಕೆಟ್ಟಿನ ಹಣಕ್ಕೆ ನಮಗೆ ತೋರಿಸಲಾಗುವ ಇನ್ನೊಂದು ಪ್ರದರ್ಶನದ ಬಗ್ಗೆ ಯಾರೂ ವಿಮರ್ಶೆ ಬರೆದದ್ದನ್ನು ನಾನು ಓದಿಲ್ಲ. ಆ ಕೊರತೆಯನ್ನು ಈ ತಿಂಗಳು ಕೈಲಾದಷ್ಟು ತುಂಬುತ್ತೇನೆ. ನಾನು ವಿಮರ್ಶಕನಲ್ಲ; ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ಕಾಲೇಜಿನಲ್ಲಿ ಕಲಿತದ್ದು ಭೌತಶಾಸ್ತ್ರ. ಎರಡರಿಂದಲೂ ಉಳಿದುಬಂದ ಚಟವೆಂದರೆ, ಏನನ್ನು ಕಂಡರೂ ಗಡಿಯಾರ ನೋಡಿ ಬರೆದಿಟ್ಟುಕೊಳ್ಳುವುದು.

2022ರ ಅಕ್ಟೋಬರ್ 9, ರವಿವಾರ. ‘ಕಾಂತಾರ’ ಕನ್ನಡದಲ್ಲಿ ಬಂದು ಹತ್ತು ದಿನವಾಗಿತ್ತು. ಹಿಂದಿಯ ಅವತರಣಿಕೆ ಬಂದದ್ದು 14ರಂದು; ಮುಂಬಯಿಯೆಲ್ಲ ಅದರ ಮಾತಾಡತೊಡಗಿದ್ದು ಆಮೇಲೆ. ನಮಗೋ ಅದನ್ನು ಕನ್ನಡದಲ್ಲಿಯೇ ನೋಡಬೇಕೆಂಬ ಹಟ. ಎಲ್ಲರಿಗೂ ಹೊಂದುವಂತೆ ಸಿಕ್ಕಿದ್ದು ಠಾಣೆಯ ಕಡೆಯ ಒಂದು ಮಾಲಿನಲ್ಲಿ ಮಧ್ಯಾಹ್ನ 1-10ರ ಆಟ. ಡೊಂಬಿವಲಿಯಿಂದ ಹೊರಟವರು ಹತ್ತು ಜನ, ಅವರಲ್ಲಿ ಗದಗಿನಿಂದ ಬಂದಿದ್ದ ನನ್ನ ತಾಯಿಯೂ ಒಬ್ಬರು. ರವಿವಾರವೆಂದರೆ ಸೆಂಟ್ರಲ್ ರೇಲ್ವೆಯ ಮೆಗಾ ಬ್ಲಾಕ್ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಅದಕ್ಕೆಂದೇ ಹನ್ನೊಂದೂವರೆಗೆ ಮನೆ ಬಿಟ್ಟೆವು. ತಾಯಿಯವರ ಸಕ್ಕರೆ ಕಾಯಿಲೆಯ ಗುಳಿಗೆ, ಅದರ ಹಿಂದೆ ಹನ್ನೆರಡೂವರೆಯ ಊಟ, ಎಲ್ಲವೂ ಡಬ್ಬಿಯಲ್ಲಿ.

ಹನ್ನೊಂದನೆಯವರು ಠಾಣೆಯಲ್ಲಿಯೇ ಬಂದು ಕೂಡಿಕೊಂಡರು. ಸ್ಟೇಶನ್ನಿನ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ಅಡುಗೆಯವರು, ನಮ್ಮೆಲ್ಲರ ಬಾಯಲ್ಲಿ ಭಟ್ಟರು. ಕುಂದಾಪುರದ ಕಡೆಯವರು, ಚಿತ್ರ ತೆಗೆದ ಕೆರಾಡಿ ಅವರ ಊರಿಗೆ ಬಹಳ ದೂರವಲ್ಲ. ತಮ್ಮ ಮನೆಯ ಮಾತು ದೊಡ್ಡ ಪರದೆಯ ಮೇಲೆ ಕೇಳಿಸುತ್ತದಂತೆ ಎಂದು ವಾರದಿಂದ ಹೇಳುತ್ತಿದ್ದರು. ಮಧ್ಯಾಹ್ನದ ಊಟದ ಗದ್ದಲವನ್ನು ಜೊತೆಯವರೊಬ್ಬರಿಗೆ ಒಪ್ಪಿಸಿ ಬಂದಿದ್ದರು. ನಾಲ್ಕೂಕಾಲಿಗೆ ಮತ್ತೆ ಒಲೆಯ ಮುಂದೆ ಇರಬೇಕು, ಸಂಜೆಯ ದೋಸೆಗೆ. ಚಿತ್ರ ಸುಮಾರು ಎರಡೂವರೆ ಗಂಟೆ, ಮಧ್ಯಂತರಕ್ಕೆ ಕಾಲು ಗಂಟೆ. 1-10ಕ್ಕೆ ಕೂಡಿಸಿದರೆ 3-55. ಹಿಡಿಸುತ್ತದೆ ಎಂದು ಲೆಕ್ಕ ಹೇಳಿದವನು ನಾನೇ.

1-10ಕ್ಕೆ ಸರಿಯಾಗಿ ದೀಪ ಆರಿತು. ಮೊದಲು ಒಂದು ಮದುವೆ ಮನೆ. ವಧುವಿನ ಕೊರಳಿಗೆ ತಂದೆ ಹಾರ ಹಾಕುತ್ತಾನೆ, ಕಣ್ಣೀರು. ನನ್ನ ತಾಯಿ ಮುಂದಕ್ಕೆ ಬಾಗಿ ಎರಡು ನಿಮಿಷ ಮನಸ್ಸಿಟ್ಟು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಏನಪಾ, ಕನ್ನಡ ಪಿಚ್ಚರ ಅಂದಿದ್ದಿ, ಎಲ್ಲಾರೂ ಹಿಂದಿ ಮಾತಾಡಾಕತ್ತಾರಲ್ಲ?” ಎಂದರು. ಇದು ಬಂಗಾರದಂಗಡಿಯವರದು, ನಮ್ಮದು ಇನ್ನೂ ಬರಬೇಕು ಎಂದೆ. ನಂತರ ಸಿಮೆಂಟು. ನಂತರ ಒಂದು ಕಾರು, ಮನುಷ್ಯರಿಲ್ಲದ ಬೆಟ್ಟದ ರಸ್ತೆಯಲ್ಲಿ. ಎರಡು ಬೆಡ್‌ರೂಮಿನ ಮನೆ ಮಾರುವವರು, ವಿಮೆಯವರು, ಮಕ್ಕಳನ್ನು ಇಂಜಿನಿಯರು ಮಾಡುವವರು. ಮತ್ತೆ ಅದೇ ಬಂಗಾರದಂಗಡಿ, ಅದೇ ತಂದೆ, ಅದೇ ಕಣ್ಣೀರು. ಎರಡನೆಯ ಸಲ ಅವನ ದುಃಖ ನಮ್ಮನ್ನು ಅಷ್ಟಾಗಿ ತಟ್ಟಲಿಲ್ಲ.

ನನ್ನ ಚೀಟಿಯ ಮೇಲಿನ ಲೆಕ್ಕ ಹೀಗಿದೆ. ಚಿತ್ರ ಸುರುವಾದದ್ದು 1-36ಕ್ಕೆ. ಕಳೆದ 26 ನಿಮಿಷಗಳಲ್ಲಿ ಮುಂಬರುವ ಚಿತ್ರಗಳ ತುಣುಕುಗಳಿಗೆ 7. ಅದಕ್ಕೆ ನನ್ನ ತಕರಾರಿಲ್ಲ, ಸಿನೆಮಾಕ್ಕೆ ಬಂದವನಿಗೆ ಸಿನೆಮಾದ ಸುದ್ದಿ. ರಾಷ್ಟ್ರಗೀತೆ 52 ಸೆಕೆಂಡು. ತಂಬಾಕಿನ ವಿರುದ್ಧದ ಎಚ್ಚರಿಕೆ 2012ರ ಅಕ್ಟೋಬರಿನಿಂದ ಜಾರಿಗೆ ಬಂದ ನಿಯಮದಂತೆ ಕಡ್ಡಾಯ. ಆದರೆ ಆ ನಿಯಮ ಕೇಳುವುದು ಆರಂಭದಲ್ಲಿ ಕನಿಷ್ಠ 30 ಸೆಕೆಂಡಿನ ಒಂದು ತುಣುಕು, ಕನಿಷ್ಠ 20 ಸೆಕೆಂಡಿನ ಒಂದು ಹೇಳಿಕೆ. ಮಧ್ಯಂತರದ ಹೊತ್ತಿಗೆ ಮತ್ತೆ ಅಷ್ಟೇ. ಅಂದರೆ ಆರಂಭದಲ್ಲಿ ಕಾನೂನಿನ ಕನಿಷ್ಠ ಪಾಲು ಒಂದು ನಿಮಿಷವೂ ಆಗುವುದಿಲ್ಲ. ಧಾರಾಳವಾಗಿ ಎರಡು ನಿಮಿಷ ಹಿಡಿದು, ರಾಷ್ಟ್ರಗೀತೆಯನ್ನೂ ಕಳೆದರೆ, ಉಳಿದ 16 ನಿಮಿಷ ಶುದ್ಧ ವ್ಯಾಪಾರ. ‘ಸರಕಾರ ಹೇಳಿದೆ, ನಾವೇನು ಮಾಡೋಣ’ ಎಂಬ ಮಾತು ಆ ಎರಡು ನಿಮಿಷಕ್ಕೆ ಮಾತ್ರ ಒಪ್ಪುತ್ತದೆ.

ಹಿಂದೆ ಜಾಹೀರಾತು ಇರಲಿಲ್ಲವೇ ಎಂದು ಹಿರಿಯರು ಕೇಳಬಹುದು. ಇತ್ತು. ನಾನು ಹುಡುಗನಾಗಿದ್ದಾಗ ಗದಗಿನ ಟಾಕೀಜಿನಲ್ಲಿ ಮೊದಲು ಗಾಜಿನ ಸ್ಲೈಡುಗಳು ಬರುತ್ತಿದ್ದವು: ಬಟ್ಟೆಯಂಗಡಿ, ಕನ್ನಡಕದ ಅಂಗಡಿ. ಆ ಅಂಗಡಿಕಾರ ಕೆಲವೊಮ್ಮೆ ನಮ್ಮ ಹಿಂದಿನ ಸಾಲಿನಲ್ಲಿಯೇ ಕುಳಿತಿರುತ್ತಿದ್ದ. ನಂತರ ವಿಕೋ ವಜ್ರದಂತಿ. ನಂತರ ಫಿಲ್ಮ್ಸ್ ಡಿವಿಜನ್ನಿನ ವಾರ್ತಾಚಿತ್ರ. ಬಿಹಾರದ ನೆರೆ, ಯಾವುದೋ ಅಣೆಕಟ್ಟು, ರಿಬ್ಬನ್ನು ಕತ್ತರಿಸುವ ಮಂತ್ರಿಗಳು. ಆ ಹೊತ್ತಿಗೆ ದೊಡ್ಡವರು ಹೊರಗೆ ನಿಂತು ಬೀಡಿ ಸೇದಿ ಮುಗಿಸುತ್ತಿದ್ದರು. ಗಂಟೆ ಹೊಡೆಯಿತೆಂದರೆ ಒಳಗೆ. ಯಾವುದು ಎಷ್ಟು ಹೊತ್ತು ಎಂಬುದು ಊರಿಗೆಲ್ಲ ತಿಳಿದಿತ್ತು, ಆದ್ದರಿಂದ ಮೋಸವೆಂಬ ಮಾತೇ ಇರಲಿಲ್ಲ.

ಇಲ್ಲಿ ಒಂದು ತಮಾಷೆಯಿದೆ. 1948ರಲ್ಲಿ ಸ್ಥಾಪನೆಯಾದ ಫಿಲ್ಮ್ಸ್ ಡಿವಿಜನ್ನಿನ ಚಿತ್ರಗಳನ್ನು ತೋರಿಸುವುದು ಟಾಕೀಜುಗಳಿಗೆ ಲೈಸೆನ್ಸಿನ ಶರತ್ತಾಗಿತ್ತು. ತೋರಿಸುವುದಲ್ಲದೆ ಅದಕ್ಕೆಂದು ಗಳಿಕೆಯ ಶೇಕಡಾ 1ನ್ನು ಕೊಡಲೂಬೇಕಿತ್ತು. ಮಾಲಿಕರು ಕೋರ್ಟಿಗೆ ಹೋದರು. ನಾವು ತೋರಿಸಲೊಲ್ಲದ್ದನ್ನು ನಮ್ಮಿಂದ ಬಲವಂತವಾಗಿ ತೋರಿಸುವುದು ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ಎಂಬುದು ಅವರ ವಾದಗಳಲ್ಲೊಂದು. 1999ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಜನರಿಗೆ ತಿಳಿವಳಿಕೆ ಕೊಡುವ ಚಿತ್ರಗಳಿಂದ ಆ ಸ್ವಾತಂತ್ರ್ಯಕ್ಕೆ ಊನವಿಲ್ಲವೆಂದಿತು. ಮಾಲಿಕರು ಸೋತರು ನಿಜ, ಆದರೆ ಅವರ ದುಃಖ ನನಗೆ ಅರ್ಥವಾಗುತ್ತದೆ. ಬೇಡವೆಂದರೂ ನೋಡಲೇಬೇಕಾದವನ ದುಃಖ ಅವರ ವಂಶದವರಿಗೆ ಯಾಕೆ ಅರ್ಥವಾಗುತ್ತಿಲ್ಲವೋ ತಿಳಿಯದು. ಫಿಲ್ಮ್ಸ್ ಡಿವಿಜನ್ 2022ರಲ್ಲಿ ಎನ್.ಎಫ್.ಡಿ.ಸಿ.ಯಲ್ಲಿ ವಿಲೀನವಾಯಿತು.

ಇನ್ನು ಚಿತ್ರದ ಮಾತು. ಜಾಹೀರಾತು ನಮ್ಮ ಹೊತ್ತನ್ನಷ್ಟೇ ತಿನ್ನುತ್ತದೆಂದು ನಾನೂ ತಿಳಿದಿದ್ದೆ. ಅಂದು ಕಂಡದ್ದು ಬೇರೆ. ಮೊದಲ ಇಪ್ಪತ್ತು ನಿಮಿಷ ‘ಬರೀ ಅಡ್ವರ್ಟೈಸು’ ಎಂದು ಬಲ್ಲ ಅನುಭವಸ್ಥರು ಒಂದೂವರೆಯ ನಂತರವೇ ಒಳಗೆ ಬರತೊಡಗಿದರು. ಕೆಲವರ ಅಂದಾಜು ಐದು ಹತ್ತು ನಿಮಿಷ ತಪ್ಪಿತ್ತು. ಮೊಬೈಲಿನ ಬೆಳಕು, ಪಾಪ್‌ಕಾರ್ನಿನ ತಟ್ಟೆ, “ಜರಾ ಸರ್ಕೋ” ಎಂಬ ವಿನಂತಿ. ಆಗ ಪರದೆಯ ಮೇಲೆ ನಡೆಯುತ್ತಿದ್ದುದೇನು? 1847ರಲ್ಲಿ ಮನಶ್ಶಾಂತಿಯಿಲ್ಲದ ಅರಸನೊಬ್ಬ ಕಾಡಿನಲ್ಲಿ ದೈವದ ಕಲ್ಲನ್ನು ಕಂಡು, ಅದಕ್ಕೆ ಬದಲಾಗಿ ಜನರಿಗೆ ಭೂಮಿ ಬಿಟ್ಟುಕೊಡುತ್ತಾನೆ. 1970ರಲ್ಲಿ ಅವನ ವಂಶದವನು ಆ ಭೂಮಿಯನ್ನು ಮರಳಿ ಕೇಳುತ್ತಾನೆ. ಕೋಲ ಕಟ್ಟಿದವನು ಕಾಡಿನಲ್ಲಿ ಮರೆಯಾಗುತ್ತಾನೆ. ಕೇಳಿದವನು ಕೋರ್ಟಿನ ಮೆಟ್ಟಿಲ ಮೇಲೆ ರಕ್ತ ಕಾರಿ ಸಾಯುತ್ತಾನೆ. ಮುಂದಿನ ಎರಡು ಗಂಟೆಯ ಹೊಡೆದಾಟ, ಅರಣ್ಯ ಇಲಾಖೆ, ಧಣಿಯ ನಯವಂಚನೆ ಎಲ್ಲವೂ ಈ ಕರಾರಿನ ಮೇಲೆ ನಿಂತಿದೆ. ಇದನ್ನು ಕಾಣದವನಿಗೆ ಉಳಿದದ್ದು ಕೋಣಗಳ ಓಟ ಮತ್ತು ಬಡಿದಾಟದ ಸಿನೆಮಾ. ನನ್ನ ಪಕ್ಕಕ್ಕೆ ತಡವಾಗಿ ಬಂದು ಕುಳಿತವರು ಮಧ್ಯಂತರದಲ್ಲಿ “ಈ ಜಾಗ ಯಾರದು ಅಂತ ಜಗಳ?” ಎಂದು ನನ್ನನ್ನೇ ಕೇಳಿದರು. ನಿರ್ದೇಶಕ ತನ್ನ ಕಥೆಯ ತಳಪಾಯವನ್ನು ಇಟ್ಟ ಜಾಗದಲ್ಲಿಯೇ ಪ್ರೇಕ್ಷಕರು ಕುರ್ಚಿ ಹುಡುಕುತ್ತಿದ್ದರು. ಅವರನ್ನು ದೂರಲಾರೆ, ಟಿಕೆಟ್ಟಿನ ಗಂಟೆಯನ್ನು ನಂಬಬಾರದೆಂದು ಕಲಿಸಿದ್ದು ಚಿತ್ರಮಂದಿರವೇ. ಸಮಯಕ್ಕೆ ಸರಿಯಾಗಿ ಬಂದವರೋ, 26 ನಿಮಿಷದ ಅಬ್ಬರದಿಂದ ಕಿವಿ ದಣಿದು, ಕಾಡಿನ ಮೊದಲ ಮೌನವನ್ನು ಇನ್ನೊಂದು ಜಾಹೀರಾತೋ ಏನೋ ಎಂಬ ಅನುಮಾನದಿಂದಲೇ ನೋಡಿದರು.

ನಮ್ಮ ಕಚೇರಿಯಲ್ಲಿ ಹಾಜರಿಗೆ ಹೆಬ್ಬೆಟ್ಟು ಒತ್ತುವ ಯಂತ್ರವಿದೆ. ತಡವಾದರೆ, ತಕ್ಕ ಕಾರಣವಿದ್ದಲ್ಲಿ, ತಿಂಗಳಿಗೆ ಎರಡು ಸಲ ಮೇಲಧಿಕಾರಿಗಳು ಮನ್ನಿಸಬಹುದು. ಮೂರನೆಯದಕ್ಕೆ ಅರ್ಧ ದಿನದ ರಜೆ ಹೋಗುತ್ತದೆ. ಲೋಕಲ್ ಗಾಡಿ ನಿಂತಿತ್ತು ಎಂದರೆ ಯಂತ್ರ ಕೇಳುವುದಿಲ್ಲ. ಇಂಥ ಬದುಕಿನವನು ಕೈಯಲ್ಲಿ ಅಚ್ಚಾದ ಗಂಟೆಯೊಂದನ್ನು ಹಿಡಿದಾಗ ಅದನ್ನು ನಂಬಿಬಿಡುತ್ತಾನೆ.

ಬೆಂಗಳೂರಿನ ಒಬ್ಬ ಪ್ರೇಕ್ಷಕ ನನಗಿಂತ ಗಟ್ಟಿಗ. 2023ರ ಡಿಸೆಂಬರಿನಲ್ಲಿ ಪಿವಿಆರ್ ಐನಾಕ್ಸ್ ಸಂಸ್ಥೆಯ ಚಿತ್ರಮಂದಿರದಲ್ಲಿ ‘ಸ್ಯಾಮ್ ಬಹಾದ್ದೂರ್’ ನೋಡಲು ಮೂರು ಟಿಕೆಟ್ ಕೊಂಡ. ಆಟ 4-05ಕ್ಕೆ ಎಂದಿತ್ತು, ಚಿತ್ರ ಆರಂಭವಾದದ್ದು 4-30ಕ್ಕೆ. ಮುಗಿಸಿ ಕೆಲಸಕ್ಕೆ ಮರಳಬೇಕಿದ್ದವನು ಗ್ರಾಹಕರ ಆಯೋಗಕ್ಕೆ ಹೋದ. 2025ರ ಫೆಬ್ರವರಿಯಲ್ಲಿ ಆಯೋಗ ಅವನ ಪರವಾಗಿ ತೀರ್ಪಿತ್ತಿತು: ಅವನಿಗಾದ ತೊಂದರೆಗೆ 20,000 ರೂಪಾಯಿ, ಖರ್ಚಿಗೆ 8,000, ಗ್ರಾಹಕ ಕಲ್ಯಾಣ ನಿಧಿಗೆ 1 ಲಕ್ಷ, ಮೇಲಾಗಿ, ಚಿತ್ರ ನಿಜವಾಗಿ ಆರಂಭವಾಗುವ ವೇಳೆಯನ್ನು ಟಿಕೆಟ್ಟಿನ ಮೇಲೆ ಹಾಕಬೇಕು. ಮರುತಿಂಗಳೇ ಕರ್ನಾಟಕ ಹೈಕೋರ್ಟು ಇದಕ್ಕೆ ತಡೆ ಕೊಟ್ಟಿತು. ಒಬ್ಬನ ದೂರನ್ನು ಆಯೋಗ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯಂತೆ ನಡೆಸಿತು ಎಂಬುದು ಹೈಕೋರ್ಟಿನ ಆಕ್ಷೇಪ. ಕಾನೂನಿನ ವ್ಯಾಪ್ತಿಯ ಪ್ರಶ್ನೆ ನನ್ನ ಅಳವಿಗೆ ಮೀರಿದ್ದು. ಆದರೆ ಆ ಕೊನೆಯ ಆದೇಶ, ಟಿಕೆಟ್ಟಿನ ಮೇಲೆ ಒಂದು ಸಾಲು ಹೆಚ್ಚಿಗೆ ಅಚ್ಚು ಹಾಕುವುದು, ಯಾವ ಕೋರ್ಟೂ ಹೇಳದೆ ಮಾಡಬಹುದಾದದ್ದು. ಚಿತ್ರದ ಉದ್ದ ಸೆನ್ಸಾರಿನ ಪ್ರಮಾಣಪತ್ರದಲ್ಲಿಯೇ ಇರುತ್ತದೆ. ಯಾವ ಜಾಹೀರಾತು ಎಷ್ಟು ಸೆಕೆಂಡು ಎಂಬುದು ಹಣ ಕೊಟ್ಟವರಿಗೂ ಪಡೆದವರಿಗೂ ಗೊತ್ತು. ಗೊತ್ತಿಲ್ಲದವನು ಕುರ್ಚಿಯಲ್ಲಿ ಕುಳಿತವನೊಬ್ಬನೇ.

ಅದೇ 2025ರಲ್ಲಿ, ಮುಂಬಯಿ ಬೆಂಗಳೂರುಗಳ ದುಬಾರಿ ಪರದೆಗಳಲ್ಲಿ ಆ ಸಂಸ್ಥೆ ಜಾಹೀರಾತಿಲ್ಲದ ಆಟಗಳನ್ನು ಆರಂಭಿಸಿದ ಸುದ್ದಿ ಬಂತು. ಹೆಚ್ಚು ಕೊಟ್ಟವನ ಹೊತ್ತಿಗೆ ಬೆಲೆಯುಂಟು ಎಂದಾಯಿತು.

ನನ್ನ ಹೆಂಡತಿ ಈ ಲೇಖನದ ಕರಡು ಓದಿ ಒಂದು ಮಾತು ಕೇಳಿದಳು: ಮುಂಬಯಿಯಲ್ಲಿ ಮೂವತ್ತು ಜನ ಕುಳಿತ ಕನ್ನಡ ಚಿತ್ರವನ್ನು ಅವರು ನಡೆಸುವುದು ಯಾರ ದುಡ್ಡಿನಿಂದ? ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಟಿಕೆಟ್ಟಿನ ಹಾಗೂ ತಿಂಡಿಯ ಗಳಿಕೆಯ ಜೊತೆಗೆ ಜಾಹೀರಾತಿನದೂ ಈ ಸಂಸ್ಥೆಗಳಿಗೆ ಒಂದು ಮುಖ್ಯ ಬಾಬು. ಅದನ್ನು ಪೂರ್ತಿ ತೆಗೆದರೆ ಮೊದಲು ಕೈಬಿಡುವುದು ನಮ್ಮ ರವಿವಾರದ ಆಟವನ್ನೇ ಇರಬಹುದು. ಆದ್ದರಿಂದ ನಾನು ಜಾಹೀರಾತು ಬೇಡವೆನ್ನುವುದಿಲ್ಲ. ಬಂಗಾರದಂಗಡಿಯವನು ಎರಡು ಸಲ ಅಳಲಿ. ಎಷ್ಟು ಗಂಟೆಯ ತನಕ ಅಳುತ್ತಾನೆಂದು ಮೊದಲೇ ಹೇಳಿಬಿಡಲಿ.

ಅಂದು 3-55ಕ್ಕೆ, ನಾನು ಹೇಳಿದ ಲೆಕ್ಕದ ಹೊತ್ತಿಗೆ, ಭಟ್ಟರ ಜೇಬಿನಲ್ಲಿ ಮೊಬೈಲು ನಡುಗಿತು. ಚಿತ್ರದ ಕೊನೆಯ ಭಾಗ ಆಗಷ್ಟೇ ಕಾವೇರುತ್ತಿತ್ತು. ಅವರು ನನ್ನ ಭುಜ ಮುಟ್ಟಿ, “ಹ್ವಾಯ್, ನಾನ್ ಹೊರಟೆ, ಹೊತ್ತಾಯ್ತ್” ಎಂದು ಬಗ್ಗಿಕೊಂಡೇ ಮೆಟ್ಟಿಲಿಳಿದರು. ಬಾಗಿಲ ಬಳಿ ಒಂದು ಗಳಿಗೆ ನಿಂತದ್ದು ಕಂಡಿತು. ಯಾವ ಕೊನೆಯ ಕೋಲಕ್ಕಾಗಿ ದೇಶವೆಲ್ಲ ಆಮೇಲೆ ಸಾಲುಗಟ್ಟಿ ನಿಂತಿತೋ ಅದನ್ನು ಆ ಊರ ಕಡೆಯ ಮನುಷ್ಯ ನೋಡಲಿಲ್ಲ. ನವೆಂಬರ್ ಕೊನೆಗೆ ಚಿತ್ರ ಮೊಬೈಲಿಗೆ ಬಂದಾಗ, ಹೋಟೆಲಿನ ಮಾಳಿಗೆಯ ಮೇಲೆ, ನಾಲ್ಕು ಜನ ತಲೆ ಕೂಡಿಸಿ ನೋಡಿದರಂತೆ.

2025ರ ಅಕ್ಟೋಬರ್ 2ರಂದು ‘ಕಾಂತಾರ’ದ ಮೊದಲ ಅಧ್ಯಾಯ ಬಂತು. ಟಿಕೆಟ್ ತೆಗೆಯುವ ಮೊದಲು ಭಟ್ಟರಿಗೆ ಫೋನು ಮಾಡಿದೆ. ಆಟದ ಹೊತ್ತು ಹೇಳಿದಾಗ, ಅದು ಟಿಕೆಟ್ಟಿನ ಗಂಟೆಯೋ ಪಿಚ್ಚರಿನ ಗಂಟೆಯೋ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಭಟ್ಟರು ಆ ದಿನದ ಸಂಬಳ ಬಿಟ್ಟು ಬಂದರು.