ಮಾಲಾಧಾರಿಗೊಂದು ನ್ಯಾಯ, ಮಗುವಿಗೊಂದು ನ್ಯಾಯ

‘ಜನದ ಮಧ್ಯೆ ಬಿಟ್ಟರೆ ತಾನಾಗೇ ಸರಿಹೋಗ್ತಾನೆ ಬಿಡಿ.’ ಮಾತು ತಡವಾದ ಮಗು, ಕಣ್ಣಿಗೆ ಕಣ್ಣು ಕೊಡದ ಮಗು, ಕೂತಲ್ಲಿ ಕೂರದ ಮಗು, ಎಲ್ಲಕ್ಕೂ ಮಧುಗಿರಿ ಸೀಮೆಯಲ್ಲಿ ಸಿಗುವ ಮದ್ದು ಇದೊಂದೇ. ಹೇಳುವವರ ಮನಸ್ಸು ಕೆಟ್ಟದ್ದಲ್ಲ. ಆದರೆ ಎಷ್ಟೋ ಮಕ್ಕಳಿಗೆ ಹಬ್ಬವೆಂದರೆ ದಿಗಿಲು ಹುಟ್ಟಿರುವುದು ಈ ಮದ್ದಿನಿಂದಲೇ ಎಂದು ನಾನು ವಾದಿಸುತ್ತೇನೆ.

ಡಿಸೆಂಬರ್ ಬಂತೆಂದರೆ ಇಂಗ್ಲಿಷಿನಲ್ಲಿ ಸಲಹೆಗಳ ಸುಗ್ಗಿ. ಆಟಿಸಂ, ಎಡಿಎಚ್‌ಡಿ ಇರುವವರು ಕ್ರಿಸ್‌ಮಸ್ ಕೂಟದಲ್ಲಿ ನೆಮ್ಮದಿಯಾಗಿರಲು ಏನೇನು ಮಾಡಬೇಕು ಎಂಬ ಪಟ್ಟಿಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಕ್ರಿಸ್‌ಮಸ್ ಕೆಲವೇ ಮನೆಗಳ ಹಬ್ಬ. ಇಲ್ಲಿ ನೆಂಟರು ಸೇರುವುದು ಜಾವಳಕ್ಕೆ, ಗೃಹಪ್ರವೇಶಕ್ಕೆ, ದಂಡಿನ ಮಾರಮ್ಮನ ಜಾತ್ರೆಗೆ, ಗೊರವನಹಳ್ಳಿಯ ಲಕ್ಷ್ಮಿಗೆ ಹರಕೆ ಒಪ್ಪಿಸಲಿಕ್ಕೆ, ಶ್ರಾವಣದ ಶನಿವಾರ ಪಾವಗಡದ ಶನಿಮಹಾತ್ಮನ ಗುಡಿಗೆ. ಹಬ್ಬ ಬೇರೆಯಾದರೂ ಮಗುವಿನ ಕಷ್ಟ ಒಂದೇ.

ಜಾವಳವನ್ನೇ ನೋಡಿ. ಸೋದರಮಾವನ ತೊಡೆ, ನೆತ್ತಿಗೆ ನೀರು, ಕತ್ತಿಯ ಕರಕರ, ಪಕ್ಕದಲ್ಲೇ ಓಲಗ, ಅದೇ ದಿನ ಕಿವಿ ಚುಚ್ಚುವ ಶಾಸ್ತ್ರವೂ ಇದ್ದರೆ ಕೇಳುವುದೇ ಬೇಡ. ಆಟಿಸಂನ ಲಕ್ಷಣಗಳು ಮನೆಯವರ ಕಣ್ಣಿಗೆ ಬೀಳತೊಡಗುವುದು ಎರಡು ಮೂರು ವರ್ಷದ ಹೊತ್ತಿಗೆ. ಎಷ್ಟೋ ಮನೆಗಳಲ್ಲಿ ಜಾವಳವೂ ಆಗಲೇ. ಸದ್ದು, ಸ್ಪರ್ಶ, ವಾಸನೆ ಇಂಥ ಅನೇಕ ಮಕ್ಕಳಿಗೆ ನಮಗಿಂತ ಹಲವು ಪಟ್ಟು ಜೋರಾಗಿ ತಾಗುತ್ತವೆ. ಮಗು ಕಿರುಚುತ್ತದೆ, ನಾಲ್ಕು ಜನ ಕೈಕಾಲು ಅದುಮಿ ಹಿಡಿಯುತ್ತಾರೆ. ಅಷ್ಟು ಮುಗಿದ ಮೇಲೆ ಪರೀಕ್ಷೆ ಶುರು: ‘ನಾನ್ಯಾರು ಹೇಳು ನೋಡಣ?’ ಉತ್ತರ ಬರದಿದ್ದರೆ ಕೆನ್ನೆ ಹಿಂಡುತ್ತಾರೆ, ಆಮೇಲೆ ತಾಯಿಯ ಕಡೆ ತಿರುಗುತ್ತಾರೆ. ಹಿಂದಿನ ದಿನವೇ ಮನೆಯಲ್ಲಿ, ಮಗು ನಿದ್ದೆ ಹೋದಾಗಲೋ ಆಟಕ್ಕೆ ಕೂತಾಗಲೋ ಕೂದಲು ತೆಗೆದು, ದೇವರ ಮುಂದೆ ಶಾಸ್ತ್ರಕ್ಕೆ ನಾಲ್ಕೆಳೆ ಕತ್ತರಿಸಿದರೆ ಆಗದೆ? ಹೆಂಗಸರು ಮೂರು ಕತ್ತರಿ ಕೂದಲು ಕೊಟ್ಟರೂ ಹರಕೆ ತೀರಿತು ಎನ್ನುವವರು ನಾವೇ ತಾನೆ.

ತಾಯಿಗೆ ಬೀಳುವ ಮಾತು ಗೊತ್ತೇ ಇದೆ: ‘ಮೊಬೈಲ್ ಕೊಟ್ಟು ಕೊಟ್ಟು ಹಾಳು ಮಾಡಿದೀಯ.’ ಲಿಯೋ ಕ್ಯಾನರ್ ಎಂಬ ವೈದ್ಯರು ಅಮೆರಿಕದಲ್ಲಿ ಹನ್ನೊಂದು ಮಕ್ಕಳನ್ನು ಗಮನಿಸಿ ಆಟಿಸಂ ಬಗ್ಗೆ ಬರೆದದ್ದು 1943ರಲ್ಲಿ. ಆಗ ಮೊಬೈಲ್ ಹಾಗಿರಲಿ, ನಮ್ಮ ಬಹುಪಾಲು ಹಳ್ಳಿಗಳಿಗೆ ಕರೆಂಟೂ ಬಂದಿರಲಿಲ್ಲ. ಅಲ್ಲೂ ತಾಯಂದಿರನ್ನೇ ದೂರಿದರು, ಅವರ ಪ್ರೀತಿ ಸಾಲದೆ ಹೀಗಾಯಿತು ಎಂದರು; 1964ರಲ್ಲಿ ಮನೋವಿಜ್ಞಾನಿ ಬರ್ನಾರ್ಡ್ ರಿಮ್ಲಂಡ್ ಪುಸ್ತಕ ಬರೆದು ಆ ವಾದವನ್ನು ಅಲುಗಾಡಿಸಬೇಕಾಯಿತು. ಇದು ಪಟ್ಟಣದವರ ಕಾಯಿಲೆ ಎನ್ನುವವರಿಗೂ ಒಂದು ಲೆಕ್ಕ ಇದೆ. ದೇಶದ ಐದು ಕಡೆ ನಡೆದು 2018ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ. 13.6ರಷ್ಟು ಮಂದಿಗೆ ನರ ಬೆಳವಣಿಗೆಯ ಒಂದಲ್ಲ ಒಂದು ತೊಡಕು ಕಂಡುಬಂತು. ಹಿಮಾಚಲದ ಕಾಂಗ್ರಾ ಗುಡ್ಡಗಾಡು, ಒಡಿಶಾದ ಢೇಂಕಾನಾಲ್ ಕೂಡ ಆ ಐದರಲ್ಲಿದ್ದವು. ತುಂಬಿದ ಮನೆಯ ಜಾವಳದಲ್ಲಿ ಇಂಥ ಮಗು ಒಂದೂ ಇಲ್ಲ ಎನ್ನುವುದೇ ಅಪರೂಪ.

‘ಒಬ್ಬನಿಗೋಸ್ಕರ ನೂರು ಜನ ಬದಲಾಗಬೇಕಾ?’ ಎಂಬುದು ಮುಂದಿನ ಪ್ರಶ್ನೆ. ಆಗಲೇ ಬದಲಾಗುತ್ತಿದ್ದೇವಲ್ಲ! ಇದೇ ಡಿಸೆಂಬರಿನಲ್ಲಿ ಮನೆಯ ಒಬ್ಬ ಹುಡುಗ ಅಯ್ಯಪ್ಪನ ಮಾಲೆ ಹಾಕಿರುತ್ತಾನೆ. ಅವನಿಗೆ ಬೇರೆ ಚಾಪೆ, ಬೇರೆ ತಟ್ಟೆ; ಬಾಡೂಟದ ಪಂಕ್ತಿಗೆ ಕರೆಯುವುದಿಲ್ಲ, ಮುಟ್ಟಿ ಮಾತಾಡಿಸುವುದಿಲ್ಲ, ಬೇಗ ಎದ್ದು ಹೊರಟರೆ ತಡೆಯುವುದಿಲ್ಲ. ನೂರು ಜನವೂ ತುಟಿ ಪಿಟಕ್ಕೆನ್ನದೆ ದಾರಿ ಬಿಡುತ್ತಾರೆ. ಮಡಿ ಉಟ್ಟ ಅಜ್ಜಿ, ಒಪ್ಪತ್ತು ಮಾಡುವ ಅತ್ತೆ, ಸಕ್ಕರೆ ಕಾಯಿಲೆಯ ದೊಡ್ಡಪ್ಪ, ಕಡೆಗೆ ಮುನಿಸಿಕೊಂಡ ಅಳಿಯನಿಗೂ ನಮ್ಮ ಹಬ್ಬದ ಮನೆ ಬಗ್ಗುತ್ತದೆ. ವ್ರತಕ್ಕೆ ಬಗ್ಗುವ ಬೆನ್ನು ಹುಟ್ಟಿನಿಂದಲೇ ಬಂದ ಸ್ವಭಾವಕ್ಕೆ ಮಾತ್ರ ಸೆಟೆದುಕೊಳ್ಳುವುದು ಯಾಕೆ? ಮಾಲೆ ಕಣ್ಣಿಗೆ ಕಾಣುತ್ತದೆ, ಮಗುವಿನ ಕಿವಿಯೊಳಗಿನ ನೋವು ಕಾಣುವುದಿಲ್ಲ. ಇನ್ನೊಂದು ಕಾರಣವೂ ಇದೆ, ಹೇಳಲು ನಾಚಿಕೆ: ಮಾಲಾಧಾರಿಗೆ ಬಗ್ಗಿದರೆ ಪುಣ್ಯ, ಮಗುವಿಗೆ ಬಗ್ಗಿದರೆ ‘ಮುದ್ದು ಹೆಚ್ಚಾಯಿತು’.

ಹಾಗೆಂದು ಇಂಗ್ಲಿಷಿನ ಸಲಹೆಗಳನ್ನು ಇದ್ದ ಹಾಗೇ ಎತ್ತಿಕೊಂಡರೂ ಆಗದು. ‘ಒಂದು ಕೋಣೆಯನ್ನು ಪ್ರಶಾಂತವಾಗಿಡಿ’ ಎನ್ನುತ್ತವೆ ಅವು. ಎರಡಂಕಣದ ಮನೆಯಲ್ಲಿ ಅರವತ್ತು ಜನ ಮಲಗುವಾಗ ಕೋಣೆ ಎಲ್ಲಿಂದ ತರುವುದು? ಆದರೆ ಹಿತ್ತಲಿದೆ, ರಾಗಿ ಕಣವಿದೆ, ಪಕ್ಕದ ಮನೆಯವರ ತಾರಸಿ ಇದೆ. ಪಂಕ್ತಿಗೆ ಮೊದಲೇ ಮಗುವಿಗೆ ಉಣ್ಣಿಸಬಹುದು, ಹೋಳಿಗೆ ಬೇಡವೆಂದರೆ ಅನ್ನ ಮೊಸರು ಕೊಟ್ಟು ಸುಮ್ಮನಿರಬಹುದು. ಡಿಜೆಯ ವಿಷಯಕ್ಕೆ ಬಂದರೆ ದಯೆಯ ಮಾತೇ ಬೇಕಿಲ್ಲ, ಕಾನೂನೇ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಸಾಮಾನ್ಯವಾಗಿ ನಿಷಿದ್ಧ. ಅದನ್ನು ಪಾಲಿಸಿದರೆ ಎದೆನೋವಿನ ತಾತನೂ ಎಳೆಕೂಸಿನ ಬಾಣಂತಿಯೂ ನಿದ್ದೆ ಮಾಡುತ್ತಾರೆ.

ಮನೆಯಲ್ಲೇ ಬಿಟ್ಟುಬಂದರಾಯಿತು ಎನ್ನುವ ಪಕ್ಷವೂ ಇದೆ. ಅದು ಇನ್ನೂ ಕೆಟ್ಟದ್ದು. ಮಗುವಿನ ಜೊತೆ ತಾಯಿಯೂ ಊರಿನ ಲೆಕ್ಕದಿಂದ ಅಳಿಸಿಹೋಗುತ್ತಾಳೆ. ಜನರ ಒಡನಾಟ ಬೇಕು ಎಂಬ ಹಿರಿಯರ ಮಾತಿನಲ್ಲಿ ಅಷ್ಟು ಸತ್ಯವಿದೆ. ಆದರೆ ಜೊತೆಗಿರುವುದು ಬೇರೆ, ಪ್ರದರ್ಶನಕ್ಕಿಡುವುದು ಬೇರೆ. ಹಳೆಯ ಹಳ್ಳಿ ಇದನ್ನು ಅರೆಬರೆ ಬಲ್ಲದು: ಯಾರ ಜೊತೆಗೂ ಮಾತಾಡದ ಚಿಕ್ಕಪ್ಪನಿಗೆ ಮದುವೆ ಮನೆಯಲ್ಲಿ ಎಲೆ ಎಣಿಸುವ ಕೆಲಸ, ಒಲೆ ನೋಡಿಕೊಳ್ಳುವ ಕೆಲಸ. ‘ಅವನಿರೋದೇ ಹಂಗೆ’ ಎಂದು ಬಿಟ್ಟುಬಿಡುತ್ತಿದ್ದರು. ಅದೇ ಸ್ವಭಾವದ ಸೊಸೆಗೆ ಮಾತ್ರ ಆ ರಿಯಾಯಿತಿ ಸಿಗಲಿಲ್ಲ, ಅವಳು ‘ಗರ್ವದವಳು’ ಆದಳು. ಹಿಂದಿನವರು ಎಲ್ಲರನ್ನೂ ಒಳಗೊಂಡಿದ್ದರು ಎಂದು ಹಾಡಿ ಹೊಗಳುವ ಮುಂಚೆ ಅವಳನ್ನೂ ಒಂದು ಮಾತು ಕೇಳಬೇಕು.

ತಪ್ಪು ನೆಂಟರದಷ್ಟೇ ಅಲ್ಲ; ತಜ್ಞರೆಂದುಕೊಂಡವರ ತಪ್ಪು ಕಾಣಬೇಕಾದರೆ ಪಾವಗಡಕ್ಕೆ ಹೋಗಬೇಕು. ಅಲ್ಲಿ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಮಾತು ತೆಲುಗು, ಶಾಲೆಯದು ಕನ್ನಡ. ಶಿರಾದ ಕೆಲವು ಬೀದಿಗಳಲ್ಲಿ ಉರ್ದು. ಮಾತು ತಡವಾದ ಮಗುವಿಗೆ ಒಂದೇ ಭಾಷೆ ಸಾಕು, ಎರಡಾದರೆ ಗೊಂದಲ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಎರಡು ಭಾಷೆಗಳಿಂದ ಆಟಿಸಂ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂಬುದನ್ನು ಸಂಶೋಧನೆಗಳು ಎತ್ತಿಹಿಡಿದಿಲ್ಲ. ಆದರೂ ಮನೆಯವರು ಹೆದರಿ ತೆಲುಗು ನಿಲ್ಲಿಸುತ್ತಾರೆ. ಹಬ್ಬದ ಗದ್ದಲದಲ್ಲಿ ಆ ಮಗು ಹೋಗಿ ಕೂರಬಹುದಾದ ಮಡಿಲು ಅಜ್ಜಿಯದೊಂದೇ, ಅಜ್ಜಿಗೆ ಬರುವುದು ತೆಲುಗೊಂದೇ. ಮುಂದಿನ ಸಲ ಯಾರಾದರೂ ಒಂದೇ ಭಾಷೆ ಸಾಕೆಂದರೆ, ಅಜ್ಜಿಯ ಜೊತೆ ಮಗು ಯಾವ ಭಾಷೆಯಲ್ಲಿ ಮಾತಾಡಬೇಕು ಎಂದು ಅಲ್ಲೇ ಕೇಳಿಬಿಡಿ.