‘ಮಾತ್ರ’ ಎಂಬ ಪದ
1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್‌ಗೆ ತಂದ ಮಾರ್ಟಿನ್ ಲೂಥರ್, ಮನುಷ್ಯ ನಂಬಿಕೆಯಿಂದ ನೀತಿವಂತನಾಗುತ್ತಾನೆ ಎಂಬ ಪೌಲನ ಮಾತಿಗೆ ಗ್ರೀಕ್ ಮೂಲದಲ್ಲಿಲ್ಲದ ‘ಮಾತ್ರ’ ಎಂಬ ಪದ ಸೇರಿಸಿದ. ಆಕ್ಷೇಪ ಬಂದಾಗ 1530ರ ಬಹಿರಂಗ ಪತ್ರದಲ್ಲಿ, ಜರ್ಮನ್ ನುಡಿಯ ಜಾಯಮಾನವೇ ಅದನ್ನು ಬೇಡುತ್ತದೆ ಎಂದ. ಪೌಲನ ಆಶಯವೂ ಅದೇ ಎಂದ.

ಅನುವಾದದ ವಿದ್ಯಾರ್ಥಿಯಾದ ನನಗೆ ಎರಡನೆಯ ಕಾರಣವೇ ನಿಜವಾದದ್ದು ಅನ್ನಿಸುತ್ತದೆ. ಲೂಥರ್‌ಗೆ ರಕ್ಷಣೆ ದೇವರ ಉಚಿತ ಕೃಪೆ. ಸತ್ಕ್ರಿಯೆ ಅದರ ಬೆಲೆಯಲ್ಲ, ಫಲ. ಆ ಪದವನ್ನು ಬರೆಸಿದ್ದು ವ್ಯಾಕರಣಕ್ಕಿಂತ ಹೆಚ್ಚಾಗಿ ಈ ನಂಬಿಕೆ.

ಆದರೂ ಅವನನ್ನು ಅಪ್ರಾಮಾಣಿಕ ಎನ್ನಲಾರೆ. ನಂಬಿಕೆಯೊಂದೇ ಸಾಲದು ಎನ್ನುವ ಯಾಕೋಬನ ಪತ್ರವನ್ನು ಅವನು ಒಣಹುಲ್ಲಿಗೆ ಹೋಲಿಸಿದ. ಅನುವಾದದಲ್ಲಿ ಮಾತ್ರ ಆ ವಾಕ್ಯವನ್ನು ಹಾಗೆಯೇ ಉಳಿಸಿದ. ಸೇರಿಸುವ ಧೈರ್ಯಕ್ಕಿಂತ, ಅಳಿಸದ ಈ ಸಂಯಮ ನನಗೆ ದೊಡ್ಡದು.